ಎತ್ತಿಟ್ಟ ಸಾಕೆಟ್ಟುಗಳು

ಹಾಸಿಗೆ ಒದ್ದೆಯಾದ ವಿಷಯವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಆಮೇಲೆ ಹೇಳೋಣವೆಂದು ಇಟ್ಟುಕೊಂಡರೆ ಕೊನೆಯವರೆಗೂ ಅದರ ಸುತ್ತಲೇ ಬಳಸಿಕೊಂಡು ಓಡಾಡುತ್ತೇನೆ, ನನ್ನ ಸ್ವಭಾವ ನನಗೆ ಗೊತ್ತಿಲ್ಲವೇ.

ಪರದೆಯ ಕೊಕ್ಕೆ ಸರಿಮಾಡಲು ಸ್ಟೂಲು ಹತ್ತಿ, ಬಿದ್ದು, ಸೊಂಟದ ಮೂಳೆ ಮುರಿದುಕೊಂಡಿದ್ದೆ. "ನಾನು ಬಂದು ಮಾಡ್ತೀನಿ, ನೀನು ಹತ್ತಬೇಡ" ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಅವಳು ಹಾಗೆ ಹೇಳಿದ್ದಕ್ಕೇ ಹತ್ತಿದೆ. ಆಪರೇಷನ್ ಮಾಡಿ ಎರಡು ಹಾಸಿಗೆಯ ಕೋಣೆಯೊಂದರಲ್ಲಿ ಮಲಗಿಸಿದ್ದರು. ಮಗ್ಗುಲು ಬದಲಿಸಬೇಕೆಂದರೂ ಇನ್ನೊಬ್ಬರ ಕೈ ಬೇಕು.

ಮಧ್ಯಾಹ್ನದ ಊಟವಾದ ಮೇಲೆ ಅಲ್ಲಿ ವಿಶ್ರಾಂತಿಯ ಹೊತ್ತು. ನೋಡಲು ಬಂದವರನ್ನೆಲ್ಲ ಹೊರಗೆ ಕಳಿಸಿ, ಪರದೆ ಎಳೆದು, ಕೋಣೆಗಳ ಬಾಗಿಲು ಮುಚ್ಚುತ್ತಾರೆ. ಪಕ್ಕದ ಹಾಸಿಗೆಯಾಕೆಯನ್ನು ಸ್ಕ್ಯಾನಿಂಗಿಗೆ ಕರೆದೊಯ್ದಿದ್ದರು. ನನಗೆ ಅವಸರವಾಯಿತು. ತಲೆಯ ಬಳಿಯ ಬೆಲ್ ಒತ್ತಿದೆ. ಗುಂಡಿಯ ಪಕ್ಕದ ಪುಟ್ಟ ಕೆಂಪು ದೀಪ ಹತ್ತಿತು, ಆದರೆ ಯಾರೂ ಬರಲಿಲ್ಲ. ಮತ್ತೆ ಒತ್ತಿದೆ. ಹೆಬ್ಬೆರಳು ನೋಯುವವರೆಗೆ ಒತ್ತಿದೆ. "ಸಿಸ್ಟರ್" ಎಂದು ಕರೆದೆ, ಆದರೆ ಮೆಲ್ಲಗೆ. ಕೂಗಬಹುದಿತ್ತು. ಮೈಕಿಲ್ಲದೆ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸುತ್ತಿದ್ದ ಗಂಟಲು ನನ್ನದು. ಆದರೆ ಹೆಡ್ಮಿಸ್ಸಾಗಿ ನಿವೃತ್ತಳಾದವಳು ಬೆಡ್‌ಪ್ಯಾನಿಗಾಗಿ ಕಿರುಚುವುದುಂಟೇ? ಮಾನ ಉಳಿಸಿಕೊಳ್ಳಲು ಸುಮ್ಮನಿದ್ದೆ. ಹಲ್ಲು ಕಚ್ಚಿಕೊಂಡು ಚಾವಣಿಯ ಫ್ಯಾನನ್ನೇ ನೋಡುತ್ತ ಮಲಗಿದ್ದೆ. ಆಮೇಲೆ ಆಗುವುದು ಆಗಿಹೋಯಿತು. ಮೊದಲು ಬೆಚ್ಚಗಿತ್ತು, ಸ್ವಲ್ಪ ಹೊತ್ತಿಗೆ ತಣ್ಣಗಾಯಿತು.

ಬಾಗಿಲು ತೆಗೆದು ಬಂದವಳು ಚಿಕ್ಕ ಸಿಸ್ಟರ್. ಆ ವಾರ್ಡಿನಲ್ಲಿ ಇಬ್ಬರು ನರ್ಸುಗಳಿದ್ದರು. ಒಬ್ಬಳು ಎತ್ತರ, ಇನ್ನೊಬ್ಬಳು ಗಿಡ್ಡ. ಹಾಗಾಗಿ ರೋಗಿಗಳೆಲ್ಲ ಇವಳನ್ನು ಚಿಕ್ಕ ಸಿಸ್ಟರ್ ಎನ್ನುತ್ತಿದ್ದರು. ಅವಳು ಜ್ವರ ನೋಡಲು ಬಂದವಳು, ನೋಡಿದಳು, ತಕ್ಷಣ ಅರ್ಥ ಮಾಡಿಕೊಂಡಳು.

"ಅಯ್ಯೋ ಮೇಡಂ, ಒಂದು ಬೆಲ್ ಒತ್ತಬಾರದಿತ್ತಾ?" ಎಂದಳು. "ಇರಲಿ ಬಿಡಿ, ಯಾರಿಗಾದ್ರೂ ಆಗುತ್ತೆ. ನಮ್ಮಮ್ಮಂಗೂ ಆಗಿತ್ತು."

ಹಾಸಿಗೆ ಬಟ್ಟೆ ಬದಲಿಸಿದಳು, ಮೈ ಒರೆಸಿದಳು, ಪೌಡರ್ ಕೂಡ ಹಾಕಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ "ಇರಲಿ ಬಿಡಿ" ನನ್ನಿಂದ ತಡೆಯಲಾಗಲಿಲ್ಲ. ನಾನೂ ಒಂದನೇ ತರಗತಿಯ ಮಕ್ಕಳ ಚಡ್ಡಿ ಒದ್ದೆಯಾದಾಗ ಇದೇ ದನಿಯಲ್ಲಿ ಇದೇ ಮಾತು ಹೇಳುತ್ತಿದ್ದೆ.

"ಬೆಲ್ ಒತ್ತಿದ್ದೆ," ಎಂದೆ. "ಬೇಕಾದಷ್ಟು ಸಲ ಒತ್ತಿದ್ದೆ. ನೀವು ಬರಲಿಲ್ಲ."

"ಬೆಲ್ ಬರಲಿಲ್ಲ ಮೇಡಂ."

"ನಿಮ್ಮ ಮೇಲಿನವರನ್ನ ಕರೀರಿ."

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಆ ಬೆಲ್ ನನ್ನ ಮಗಳು ಮಾಡಿದ್ದು. ಗುಂಡಿ, ತಂತಿಗಳನ್ನಲ್ಲ, ಅದರ ಒಳಗಿನ ಬುದ್ಧಿಯನ್ನು. ನರ್ಸುಗಳ ಮೇಜಿನ ಮೇಲೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಕೂತಿರುತ್ತದೆ. ಪ್ರತಿ ಹಾಸಿಗೆಯ ಗುಂಡಿಯೂ ಅದಕ್ಕೆ ಸುದ್ದಿ ಕಳಿಸುತ್ತದೆ, ಅದು ಕೂಗುತ್ತದೆ. ಅಂಥ ಪೆಟ್ಟಿಗೆಗಳನ್ನು ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಪೆಟ್ಟಿಗೆಯ ತೀರಾ ಒಳಗೆ, ಎಲ್ಲಕ್ಕಿಂತ ಕೆಳಗೆ ಕೂತು ಎಲ್ಲವನ್ನೂ ನಡೆಸುವ ಭಾಗಕ್ಕೆ ಕರ್ನಲ್ ಎನ್ನುತ್ತಾರಂತೆ. ಅದರಲ್ಲಿ ಸುದ್ದಿ ಬಂದುಹೋಗುವ ಭಾಗವೆಲ್ಲ ಇವಳ ಕೈಕೆಲಸ. ನನಗೆ ಅದು ಅರ್ಥವಾಗುತ್ತಿರಲಿಲ್ಲ, ಆದರೆ ಜಂಬಕ್ಕೇನು ಕಡಿಮೆಯಿರಲಿಲ್ಲ. ನಾನು ಆಸ್ಪತ್ರೆ ಸೇರಿದ ದಿನವೇ ವಾರ್ಡಿಗೆಲ್ಲ ಡಂಗುರ ಹೊಡೆದಿದ್ದೆ. ಬಿ.ಪಿ. ನೋಡಲು ಬಂದವರಿಗೂ "ಈ ಬೆಲ್ ನಮ್ಮ ಮಗಳದ್ದು" ಎಂದಿದ್ದೆ.

ನರ್ಸುಗಳ ಮೇಲ್ವಿಚಾರಕಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ನೆಲ ತೊಳೆಯುವ ಯಂತ್ರವನ್ನು ಕಾರಿಡಾರಿನ ತುಂಬ ಗುಂಯ್‌ಗುಟ್ಟಿಸಿ ಆಯಾ ಆಗತಾನೇ ಹೋಗಿದ್ದಳು. ನೋಡುವವರ ಹೊತ್ತಾದ್ದರಿಂದ ಮಗಳೂ ಬಂದಿದ್ದಳು. ನಾನು ದಿಂಬಿಗೆ ಒರಗಿಕೊಂಡು, ಕೂದಲು ಬಾಚಿಸಿಕೊಂಡು, ಕನ್ನಡಕ ಹಾಕಿಕೊಂಡು ತಯಾರಾಗಿದ್ದೆ. ಮೇಲ್ವಿಚಾರಕಿ ಬೆಲ್ ಒತ್ತಿ ನೋಡಿದರು. ಹೊರಗೆ ಮೇಜಿನ ಮೇಲೆ ಪೆಟ್ಟಿಗೆ ಜೋರಾಗಿ ಕೂಗಿತು. ಎಲ್ಲರೂ ಮಗಳ ಕಡೆ ನೋಡಿದರು. ಅವಳು ತನ್ನ ಫೋನು ತೆಗೆದು ಏನೋ ನೋಡಿದಳು.

"ಬೆಳಿಗ್ಗೆಯಿಂದ ಹಸಿರೇ ಇದೆ," ಎಂದಳು. "ನಮ್ಮ ಕಂಪ್ಯೂಟರ್ ಪ್ರತಿ ನಿಮಿಷ ಈ ಪೆಟ್ಟಿಗೆ ಚೆನ್ನಾಗಿದೆಯಾ ಅಂತ ಕೇಳ್ತಾ ಇರುತ್ತೆ. ಮಧ್ಯಾಹ್ನ ಪೂರ್ತಿ ಚೆನ್ನಾಗಿದೀನಿ ಅಂತಾನೇ ಹೇಳಿದೆ."

"ಯಾರು ಯಾವಾಗ ಒತ್ತಿದ್ರು ಅಂತ ಗೊತ್ತಾಗಲ್ವಾ?" ಎಂದರು ಮೇಲ್ವಿಚಾರಕಿ.

"ಅದನ್ನ ಇದು ಇಟ್ಕೊಳ್ಳೋದಿಲ್ಲ ಮೇಡಂ. ಕೂಗೋದಷ್ಟೇ ಇದರ ಕೆಲಸ."

ಹಾಗಾದರೆ ಉಳಿದದ್ದು ಎರಡೇ. ನಾನು ಒತ್ತಲಿಲ್ಲ, ಇಲ್ಲವೇ ಚಿಕ್ಕ ಸಿಸ್ಟರ್ ಕೇಳಿಸಿಕೊಳ್ಳಲಿಲ್ಲ. ಮೇಲ್ವಿಚಾರಕಿ ಸೌಮ್ಯವಾಗಿ, "ಆಪರೇಷನ್ ಆದ್ಮೇಲೆ ಕೆಲವರಿಗೆ ಸ್ವಲ್ಪ ಗೊಂದಲ ಆಗೋದುಂಟು" ಎಂದರು. ಮಗಳು "ಅಮ್ಮಾ, ಕನಸೇನಾದ್ರೂ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಹಾಸಿಗೆ ಒದ್ದೆಯಾದದ್ದನ್ನು ಹೇಗೋ ನುಂಗಿಕೊಳ್ಳಬಹುದು. ತಲೆ ಕೆಟ್ಟಿದೆ ಎನ್ನಿಸಿಕೊಂಡರೆ ಆಮೇಲೆ ಉಪ್ಪು ಹೆಚ್ಚಾಗಿದೆ ಎಂದರೂ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಆಗ ನಾನು ನನಗೆ ಗೊತ್ತಿದ್ದ ಕೆಲಸ ಮಾಡಿದೆ.

ಶಾಲೆಯಲ್ಲಿ ಕಿಟಕಿ ಗಾಜು ಒಡೆದರೆ, ಯಾರದೋ ಡಬ್ಬಿ ಖಾಲಿಯಾದರೆ, ನಾನು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅನುಮಾನ ಬಂದ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಸುಮ್ಮನೆ ನೋಡುತ್ತಿದ್ದೆ. ರೆಪ್ಪೆ ಬಡಿಯದೆ, ತುಟಿ ಪಿಟಕ್ಕೆನ್ನದೆ. ನಾನೇ ಮಾಡಿದ್ದು ಎಂದು ಮಗು ತಾನಾಗಿ ಹೇಳುವವರೆಗೆ. ಹೇಳದೆ ಉಳಿದ ಮಗು ಒಂದೂ ಇಲ್ಲ. ಬೇರೆ ಶಾಲೆಯವರೂ ಅದನ್ನು ನೋಡಿ ಕಲಿಯಲು ಬರುತ್ತಿದ್ದರು.

ಚಿಕ್ಕ ಸಿಸ್ಟರ್ ಮಂಚದ ಕಾಲ ಬಳಿ ನಿಂತಿದ್ದಳು. ಅವಳನ್ನೇ ನೋಡಿದೆ.

"ನಾನು ಸುಳ್ಳು ಹೇಳ್ತಿದೀನಾ ಸಿಸ್ಟರ್?"

"ಇಲ್ಲ ಮೇಡಂ. ನಾನು ಹಾಗೆ ಹೇಳಿಲ್ಲ."

"ಯಂತ್ರ ಸುಳ್ಳು ಹೇಳ್ತಿದೆಯಾ?"

"ಇಲ್ಲ..."

ಅಷ್ಟಕ್ಕೆ ಮಾತು ನಿಲ್ಲಿಸಿ ನೋಡುತ್ತಲೇ ಇದ್ದೆ. ಅವಳು ಮೇಲ್ವಿಚಾರಕಿಯ ಕಡೆ ನೋಡಿದಳು, ನನ್ನ ಮಗಳ ಕಡೆ ನೋಡಿದಳು, ತನ್ನ ಚಪ್ಪಲಿ ನೋಡಿಕೊಂಡಳು. ಯಾರೂ ಅವಳ ನೆರವಿಗೆ ಬರಲಿಲ್ಲ.

"ಒಂಚೂರು ಕಣ್ಣು ಅಂಟಿತ್ತೇನೋ," ಎಂದಳು ಕೊನೆಗೆ. "ಹೌದು, ನಿದ್ದೆ ಹತ್ತಿತ್ತು ಅನ್ಸುತ್ತೆ."

ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಟ್ಟರು. ಮಗಳು ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಮರುದಿನದಿಂದ ಚಿಕ್ಕ ಸಿಸ್ಟರ್ ವಾರ್ಡಿಗೆ ಬರಲಿಲ್ಲ. ಕೆಳಗೆ ಬಟ್ಟೆ ಕೋಣೆಗೆ ಹಾಕಿದರೆಂದು ಎತ್ತರದ ಸಿಸ್ಟರ್ ಹೇಳಿದಳು. ನನಗೆ ಸಂತೋಷವಾಯಿತು. ಈಗ ನಾಚಿಕೆಯಾಗುತ್ತದೆಂದು ಆಗಿನ ಸಂತೋಷವನ್ನು ಮುಚ್ಚಿಡುವುದು ಸರಿಯಲ್ಲ. ಆವತ್ತು ಚೆನ್ನಾಗಿ ನಿದ್ದೆ ಬಂತು.

ಮನೆಗೆ ಬಂದ ಮೇಲೆ, ಮಗಳ ಮನೆಯಲ್ಲೇ, ವಾಕರ್ ಹಿಡಿದು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಓಡಾಡುವುದು ನನ್ನ ದಿನಚರಿಯಾಯಿತು. ಅಳಿಯ ತಮಾಷೆಯ ಮನುಷ್ಯ. "ಅತ್ತೆ ಗಸ್ತು ಹೊರಟ್ರು, ಎಲ್ಲಾ ಪುಸ್ತಕ ತೆಗೀರಿ" ಎನ್ನುತ್ತಿದ್ದ. ಮೊದಮೊದಲು ಮಗಳು ನಗುತ್ತಿದ್ದಳು. ಆಮೇಲಾಮೇಲೆ ನಗು ನಿಂತಿತು. ತಟ್ಟೆಯಲ್ಲಿ ಅನ್ನ ಕಲಸಿ ಹಾಗೇ ಕೂತಿರುತ್ತಿದ್ದಳು. ಆಫೀಸಿನಿಂದ ಬಂದವಳು ನನ್ನ ಮುಖ ನೋಡದೆ ಸೀದಾ ಒಳಗೆ ಹೋಗುತ್ತಿದ್ದಳು.

ಒಂದು ಭಾನುವಾರ, ಅಳಿಯ ಹೊರಗೆ ಹೋಗಿದ್ದಾಗ, ಅವಳನ್ನು ಎದುರಿಗೆ ಕೂರಿಸಿಕೊಂಡೆ. ನೋಡುವ ಕೆಲಸ ಶುರುಮಾಡುವ ಮೊದಲೇ ಅವಳು ಅತ್ತುಬಿಟ್ಟಳು.

"ಅಮ್ಮಾ, ನೀನು ಬೆಲ್ ಒತ್ತಿದ್ದೆ."

"ಅದು ನಂಗೊತ್ತಿಲ್ವಾ? ನಿಂಗೆ ಹೇಗೆ ಗೊತ್ತಾಯ್ತು ಅದನ್ನ ಹೇಳು."

ಹೇಳಿದಳು. ಸಾಕೆಟ್ ಎಂದರೆ ನನಗೆ ಇಸ್ತ್ರಿಪೆಟ್ಟಿಗೆ ಸಿಕ್ಕಿಸುವ ಗೋಡೆಯ ತೂತು. ಅವಳ ಲೋಕದಲ್ಲಿ ಅದು ಬೇರೆಯಂತೆ. ಹೊರಗಿನವರು ಯಾರೇ ಪೆಟ್ಟಿಗೆಯೊಡನೆ ಮಾತಾಡಬೇಕೆಂದರೂ ಕರ್ನಲ್ ಅವರಿಗೊಂದು ಸಾಕೆಟ್ ಕೊಡಬೇಕು. ಅದಿಲ್ಲದೆ ಮಾತಿಲ್ಲ. ಕೊಡುವುದೂ ಒಂದೇ ಏಟಿಗಲ್ಲ, ಹಂತಹಂತವಾಗಿ. ಮೊದಲು ಮೆಮೊರಿಯಲ್ಲಿ ಒಂದಿಷ್ಟು ಜಾಗ ತೆಗೆದುಕೊಳ್ಳಬೇಕು, ಆಮೇಲೆ ಅದಕ್ಕೆ ಮಾತಿನ ನಿಯಮಗಳನ್ನು ಕಟ್ಟಬೇಕು, ಕೊನೆಗೆ ಅದಕ್ಕೊಂದು ನಂಬರು ಕೊಟ್ಟು ಕೇಳಿದವರ ಕೈಗೆ ಹಾಕಬೇಕು. ಕೊನೆಯ ಹಂತದಲ್ಲಿ ಏನಾದರೂ ಎಡವಟ್ಟಾದರೆ, ತೆಗೆದುಕೊಂಡದ್ದನ್ನೆಲ್ಲ ಕೊನೆಯದರಿಂದ ಮೊದಲನೆಯದರವರೆಗೆ ವಾಪಸ್ ಕೊಡುತ್ತ ಬರಬೇಕು.

"ನಾನು ಎರಡನೇದನ್ನ ವಾಪಸ್ ಕೊಟ್ಟೆ," ಎಂದಳು. "ಮೊದಲನೇದನ್ನ ಮರೆತೆ. ಒಂದೇ ಒಂದು ಸಾಲು ಅಮ್ಮಾ."

"ಮರೆತ್ರೆ ಏನಾಗುತ್ತೆ?"

"ಆ ಜಾಗ ಯಾರಿಗೂ ಸಿಗಲ್ಲ. ಬಳಸ್ತಿರೋರು ಯಾರೂ ಇಲ್ಲ, ಆದ್ರೆ ಖಾಲಿನೂ ಅಲ್ಲ."

ಕಾರಿಡಾರಿನ ಕೊನೆಯ ಕೋಣೆಯ ಹಾಸಿಗೆಯೊಂದರ ವೈರು ಸಡಿಲವಾಗಿತ್ತಂತೆ. ಆವತ್ತು ಬೆಳಿಗ್ಗೆಯಿಂದ ಅದು ತನ್ನಷ್ಟಕ್ಕೆ ಸಾಕೆಟ್ ಕೇಳುತ್ತ, ಅರ್ಧಕ್ಕೆ ಕಡಿದುಹೋಗುತ್ತ, ಮತ್ತೆ ಕೇಳುತ್ತ ಇತ್ತು. ಪ್ರತಿ ಸಲವೂ ಒಂದೊಂದು ಸಾಕೆಟ್ಟಿನ ಜಾಗ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯಲ್ಲಿ ಕೊಡಲು ಏನೂ ಉಳಿದಿರಲಿಲ್ಲ. ನಾನು ಒತ್ತಿದೆ. ಗುಂಡಿಯ ಕೆಂಪು ದೀಪವೇನೋ ಹತ್ತಿತು. ಅದು ಗುಂಡಿ ತಾನಾಗಿ ಹೊತ್ತಿಸಿಕೊಳ್ಳುವ ದೀಪ. ಪೆಟ್ಟಿಗೆ ಇಲ್ಲ ಅಂದಿತು, ಅಂದದ್ದು ಯಾರಿಗೂ ಕೇಳಿಸಲಿಲ್ಲ.

"ಮತ್ತೆ ನಿನ್ನ ಫೋನಿನಲ್ಲಿ ಹಸಿರು ಅಂದ್ಯಲ್ಲ? ಎಲ್ಲಾ ಮುಗಿದುಹೋದ್ಮೇಲೆ ನಿಮ್ಮೋರಿಗೆ ಸಾಕೆಟ್ ಹೇಗೆ ಸಿಕ್ತು?"



"ನಮಗೆ ಅಂತ ಸ್ವಲ್ಪ ಎತ್ತಿಟ್ಟಿದ್ದೆ," ಎಂದಳು. "ಹಿಂದೆ ಒಂದ್ಸಲ ಪೆಟ್ಟಿಗೆ ತುಂಬಿಹೋಗಿ ನಾವೇ ಒಳಗೆ ಹೋಗೋಕಾಗದೆ ಒದ್ದಾಡಿದ್ವಿ. ಅದಕ್ಕೆ ಕರ್ನಲ್‌ನಲ್ಲೇ ಬರೆದಿಟ್ಟೆ, ಯಾರಿಗೆ ಇಲ್ಲದಿದ್ರೂ ನಮ್ಮ ಕಂಪ್ಯೂಟರ್ ಕೇಳಿದ್ರೆ ಈ ನಾಲ್ಕು ಸಾಕೆಟ್ ನಮಗೇ ಅಂತ. ಆಫೀಸಿನಲ್ಲಿ ಎಲ್ಲರೂ ಭೇಷ್ ಅಂದ್ರು."

"ಅಂದ್ರೆ ರೋಗಿಗಳಿಗೆ ಬಾಗಿಲು ಹಾಕಿ, ನೀವು ಹಿಂದಿನ ಬಾಗಿಲಿಂದ ಹೋಗಿ ಕ್ಷೇಮಸಮಾಚಾರ ಕೇಳ್ಕೊಂಡು ಬಂದ್ರಿ."

"ಹೌದಮ್ಮಾ."

ಸಂಜೆ ಆಯಾ ತನ್ನ ಯಂತ್ರಕ್ಕೆ ಕರೆಂಟು ಬೇಕೆಂದು ದಿನಾ ಪೆಟ್ಟಿಗೆಯ ಪ್ಲಗ್ಗು ಕಿತ್ತು, ನೆಲ ತೊಳೆದು, ಮತ್ತೆ ಸಿಕ್ಕಿಸುತ್ತಿದ್ದಳಂತೆ. ಪೆಟ್ಟಿಗೆ ಹೊಸದಾಗಿ ಎದ್ದು ಕೂರುತ್ತಿತ್ತು, ಕಳೆದುಕೊಂಡ ಜಾಗವೆಲ್ಲ ಅದಕ್ಕೆ ವಾಪಸ್ ಸಿಗುತ್ತಿತ್ತು. ಮೇಲ್ವಿಚಾರಕಿ ಒತ್ತಿದಾಗ ಅದು ಅಷ್ಟು ಜೋರಾಗಿ ಕೂಗಿದ್ದು ಅದಕ್ಕೇ. ಮಗಳ ಫೋನಿನ ಹಸಿರಿನ ನಡುವೆ ಸಂಜೆಯ ಹೊತ್ತಿಗೆ ಪೆಟ್ಟಿಗೆ ಆರಿದ್ದನ್ನು ತೋರಿಸುವ ಒಂದು ತೆಳ್ಳನೆಯ ಬಿಳಿ ಗೆರೆ ಇತ್ತು. ಆವತ್ತು ನೋಡಿದ್ದಳು. ದಿನಾ ಇರುವ ಗೆರೆ ತಾನೇ ಎಂದು ಬಿಟ್ಟಿದ್ದಳು. ಇನ್ನೊಂದು ಆಸ್ಪತ್ರೆಯಿಂದ ಅಂಥದೇ ದೂರು ಬಂದಾಗ ಹುಡುಕಿ, ತನ್ನ ಸಾಲಿಗೇ ಬಂದು ನಿಂತಿದ್ದಳು.

ಇದೆಲ್ಲ ಕೇಳಿ ನನಗೆ ಮೊದಲು ಏನನ್ನಿಸಿತು ಗೊತ್ತೇ? ಗೆದ್ದೆ ಅನ್ನಿಸಿತು. ತಲೆ ಸರಿಯಾಗಿಯೇ ಇದೆ. ವಾಕರ್ ಬಿಟ್ಟು ಕುಣಿಯಬೇಕೆನ್ನಿಸಿತು. ಚಿಕ್ಕ ಸಿಸ್ಟರ್ ನೆನಪಾಗಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬೇಕಾಯಿತು. ಖಾಲಿ ಲೋಟವನ್ನು ಕೆಳಗಿಟ್ಟೆ.

"ಆ ಹುಡುಗಿ ನಿದ್ದೆ ಮಾಡಿರಲಿಲ್ಲ," ಎಂದೆ.

"ಇಲ್ಲ."

"ಆಸ್ಪತ್ರೆಯವರಿಗೆ ಹೇಳಿದ್ಯಾ?"

"ಸರಿಮಾಡಿ ಎಲ್ಲಾ ಕಡೆ ಕಳಿಸಿದೀವಿ. ಇನ್ಮೇಲೆ ಹಾಗಾಗಲ್ಲ. ಆದ್ರೆ ಯಾಕೆ ಅಂತ ಯಾರಿಗೂ ಹೇಳ್ಬೇಡ ಅಂದ್ರು ನಮ್ಮ ಬಾಸು. ಹೇಳಿದ್ರೆ ಎಲ್ಲಾ ಆಸ್ಪತ್ರೆಯವರೂ ಪೆಟ್ಟಿಗೆ ವಾಪಸ್ ಕಳಿಸ್ತಾರೆ. ನನ್ನ ಕೆಲಸ ಅಂತೂ ಹೋದ ಹಾಗೇ." ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು, "ನಾನೇನ್ಮಾಡ್ಲಿ ಅಮ್ಮಾ?"

ಸತ್ಯ ಹೇಳು ಎನ್ನಬೇಕಿತ್ತು. ಶಾಲೆಯ ಗೋಡೆಯ ಮೇಲೆಲ್ಲ ಅದನ್ನೇ ಬರೆಸಿದವಳು ನಾನು. ಆದರೆ ಎದುರಿಗೆ ಕೂತು ಅಳುತ್ತಿದ್ದವಳು ನನ್ನ ಮಗಳು, ಬಟ್ಟೆ ಕೋಣೆಯಲ್ಲಿದ್ದವಳು ಯಾರದೋ ಮಗಳು.

"ಬಿಡು," ಎಂದೆ. "ಅವಳಿಗೂ ಅಲ್ಲೊಂದು ಕೆಲಸ ಇದೆಯಲ್ಲ. ಸಂಬಳ ಬರ್ತಾ ಇದೆ ತಾನೇ."

ಮಗಳು ತಲೆ ಎತ್ತಿ ನನ್ನನ್ನು ನೋಡಿದಳು. ಈ ಮಾತು ನನ್ನ ಬಾಯಿಂದ ಬಂತೇ ಎನ್ನುವ ನೋಟ. ಆಮೇಲೆ ಎದ್ದು ಹೋಗಿ ಲೋಟ ತೊಳೆದಳು. ಆ ದಿನದಿಂದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದನ್ನು ತಪ್ಪಿಸತೊಡಗಿದೆವು. ಅಳಿಯ ಪಾಪ, ಏನೂ ಗೊತ್ತಿಲ್ಲದೆ ಇಬ್ಬರನ್ನೂ ನಗಿಸಲು ಹೆಣಗುತ್ತಿದ್ದ.

ಮೂಳೆ ಕೂಡಿದೆಯೇ ಎಂದು ತೋರಿಸಲು ಆಸ್ಪತ್ರೆಗೆ ಹೋಗಬೇಕಾಯಿತು. ಮಗಳು ರಜೆ ಹಾಕಿ ಕರೆದುಕೊಂಡು ಹೋದಳು. ಡಾಕ್ಟರು ಪರವಾಗಿಲ್ಲ ಎಂದರು. ಬೇಗ ಮುಗಿಯಿತಲ್ಲ, ಯಾರ ಕಣ್ಣಿಗೂ ಬೀಳದೆ ಹೊರಟುಬಿಡೋಣ ಎಂದುಕೊಂಡು ಲಿಫ್ಟಿನ ಕಡೆ ವಾಕರ್ ತಳ್ಳುತ್ತಿದ್ದೆ. ಅಷ್ಟರಲ್ಲಿ ಮೇಲ್ವಿಚಾರಕಿ ಎದುರಾದರು. ನನ್ನ ಕೈ ಹಿಡಿದುಕೊಂಡು ಕುಲುಕಿದರು.

"ಎಷ್ಟು ಚೆನ್ನಾಗಿ ನಡೀತಿದೀರಿ! ಆವತ್ತು ನಿಮ್ಮಿಂದ ನಮಗೆ ದೊಡ್ಡ ಉಪಕಾರ ಆಯ್ತು ಮೇಡಂ. ಆ ಹುಡುಗೀನ ಖಾಯಂ ಮಾಡೋರಿದ್ವಿ. ನೀವು ಬಾಯಿ ಬಿಡಿಸಿದ್ದು ಒಳ್ಳೇದೇ ಆಯ್ತು. ಈ ತಿಂಗಳು ಮುಗಿದ್ಮೇಲೆ ಕಳಿಸಿಬಿಡ್ತೀವಿ. ನಿದ್ದೆ ಮಾಡೋರನ್ನ ಇಟ್ಕೊಂಡು ವಾರ್ಡ್ ನಡೆಸೋಕಾಗುತ್ತಾ?"

ನಾನು ಬಾಯಿ ತೆರೆದೆ. ಪಕ್ಕದ ಮೇಜಿನ ಮೇಲೆ ಪೆಟ್ಟಿಗೆ ಕೂತಿತ್ತು. ಮಗಳು ಅದನ್ನೇ ನೋಡುತ್ತಿದ್ದಳು.

"ಹೌದು," ಎಂದೆ. "ಆಗಲ್ಲ."

ಬಾಯಿಂದ ಹೊರಟದ್ದು ಅದೊಂದೇ ಮಾತು. ಮೇಲ್ವಿಚಾರಕಿ ಬೆನ್ನು ತಟ್ಟಿ ಹೋದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಲಿಫ್ಟ್ ಬಂತು, ಹತ್ತಿದೆವು. ನಾನು ಗುಂಡಿ ಒತ್ತಲು ಕೈ ಚಾಚುವಷ್ಟರಲ್ಲಿ ಮಗಳು ಎಲ್ಲಕ್ಕಿಂತ ಕೆಳಗಿನ ಗುಂಡಿಯನ್ನು ಒತ್ತಿಬಿಟ್ಟಿದ್ದಳು. ಹೊರಗೆ ಹೋಗುವ ಬಾಗಿಲು ಆ ಮಹಡಿಯಲ್ಲಿಲ್ಲ. ಅಲ್ಲಿರುವುದು ಬಟ್ಟೆ ಕೋಣೆ.

ಉದ್ದನೆಯ ಕೋಣೆ, ಕಿಟಕಿಯಿಲ್ಲ, ಒಗೆದ ಬಟ್ಟೆಯ ಬಿಸಿ ವಾಸನೆ. ಚಿಕ್ಕ ಸಿಸ್ಟರ್ ಎತ್ತರದ ಮೇಜಿನ ಮುಂದೆ ನಿಂತು ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಒಂದು ಕುರ್ಚಿಯಿತ್ತು, ಅದರ ಮೇಲೂ ಬಟ್ಟೆಯ ರಾಶಿ. ನನ್ನನ್ನು ಕಂಡವಳೇ ಕೈಯಲ್ಲಿದ್ದುದನ್ನು ಕೆಳಗಿಟ್ಟು ನೆಟ್ಟಗೆ ನಿಂತಳು. ಅವಳ ಕಾಲು ಚಪ್ಪಲಿಯ ಪಟ್ಟಿಯಿಂದ ಉಬ್ಬಿ ಹೊರಗೆ ಬಂದಿತ್ತು.

ಮಗಳು ಸುತ್ತುಬಳಸಲಿಲ್ಲ. "ಸಿಸ್ಟರ್, ಆವತ್ತು ಬೆಲ್ ಕೆಟ್ಟಿತ್ತು. ತಪ್ಪು ನಂದು. ಅಮ್ಮ ಒತ್ತಿದ್ದು ನಿಜ, ನಿಮಗೆ ಕೇಳಿಸದೇ ಇದ್ದಿದ್ದೂ ನಿಜ. ನೀವು ನಿದ್ದೆ ಮಾಡಿರಲಿಲ್ಲ," ಎಂದಳು.

ಆ ಹುಡುಗಿಯ ಮುಖ ಅರಳುತ್ತದೆಂದು ಕಾದೆ. ಅವಳು ಹೆದರಿದಳು.

"ಮಾಡಿದ್ದೆ ಮೇಡಂ," ಎಂದಳು. "ನಾನೇ ಹೇಳಿದ್ನಲ್ಲ."

"ಇಲ್ಲಮ್ಮ. ಯಂತ್ರ ಕೆಟ್ಟಿತ್ತು," ಎಂದೆ ನಾನು.

"ಇಲ್ಲ ಮೇಡಂ, ಮಾಡಿದ್ದೆ. ಮನೇಲೂ ಹೇಳಿದೀನಿ. ಮೊದಲು ನಂಗೂ ಇಲ್ಲ ಅನ್ನಿಸ್ತಿತ್ತು. ಆದ್ರೆ ನೀವು ಅಷ್ಟು ಖಂಡಿತವಾಗಿ ನನ್ನೇ ನೋಡ್ತಿದ್ರಿ. ಹಾಗೆ ನೋಡ್ಬೇಕಾದ್ರೆ ನಾನು ಮಲಗಿರ್ಲೇಬೇಕು ಅಂತ ಆಮೇಲೆ ಗೊತ್ತಾಯ್ತು. ಈಗ ನಾನು ಕೂರೋದೇ ಇಲ್ಲ ಮೇಡಂ. ಕೂತ್ರೆ ತಾನೇ ಕಣ್ಣು ಅಂಟೋದು? ಬಂದಾಗಿಂದ ಹೋಗೋವರೆಗೂ ನಿಂತೇ ಇರ್ತೀನಿ. ಬೇಕಾದ್ರೆ ಕೇಳಿ ಇಲ್ಲಿ ಯಾರನ್ನಾದ್ರೂ."

ಒಬ್ಬ ನಿರಪರಾಧಿ ಸುಳ್ಳನ್ನು ಒಪ್ಪಿಕೊಂಡದ್ದಷ್ಟೇ ಆಗಿದ್ದರೆ ಬಿಡಿಸಿ ಹೇಳಬಹುದಿತ್ತು. ಇವಳು ಅದನ್ನು ನಂಬಿಬಿಟ್ಟಿದ್ದಳು. ತನ್ನ ಕಿವಿ, ತನ್ನ ಕಣ್ಣು, ತಾನು ಎಚ್ಚರವಿದ್ದ ಆ ಮಧ್ಯಾಹ್ನ, ಎಲ್ಲವನ್ನೂ ನನಗೆ ಬಿಟ್ಟುಕೊಟ್ಟಿದ್ದಳು. ನನ್ನ ಮುಂದೆ ನಿಂತು ನಾನೇ ಮಾಡಿದ್ದು ಎಂದ ಮಕ್ಕಳ ಮುಖಗಳು ಸಾಲಾಗಿ ಬರತೊಡಗಿದವು. ಹೇಳದೆ ಉಳಿದ ಮಗು ಒಂದೂ ಇಲ್ಲ ಎಂದು ಊರೆಲ್ಲ ಕೊಚ್ಚಿಕೊಂಡೆ. ಅವರಲ್ಲಿ ಎಷ್ಟು ಜನ ಗಾಜು ಒಡೆದಿದ್ದರು, ಎಷ್ಟು ಜನ ನನ್ನ ಕಣ್ಣಿಗೆ ಹೆದರಿ ಒಡೆದಿದ್ದೆವು ಎಂದುಕೊಂಡರು, ಇನ್ನು ಯಾರನ್ನು ಕೇಳಲಿ?

"ನೀವು ಇಲ್ಲೇ ಇರಿ," ಎಂದು ಮಗಳು ಮೇಲೆ ಹೋದಳು. ಕೆಲಸ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ನಾನು ತಡೆಯಲಿಲ್ಲ. ಅವಳ ಜೊತೆ ಹೋಗುವ ಧೈರ್ಯವೂ ನನಗಾಗಲಿಲ್ಲ.

ಚಿಕ್ಕ ಸಿಸ್ಟರ್ ಮತ್ತೆ ಬಟ್ಟೆ ಮಡಿಸತೊಡಗಿದಳು. ಅಂಚಿಗೆ ಅಂಚು ಕೂಡಿಸಿ, ಬಿಚ್ಚಿ, ಮತ್ತೆ ಕೂಡಿಸಿದಳು. ಏನಾದರೂ ಹೇಳೋಣವೆಂದು ಹುಡುಕಿದೆ. ಕ್ಷಮಿಸು ಎನ್ನುವ ಮಾತು ಸಾವಿರ ಮಕ್ಕಳ ಬಾಯಿಂದ ಹೊರಡಿಸಿದ್ದೆ. ನನ್ನ ಬಾಯಿಗೆ ಅದರ ಅಭ್ಯಾಸವೇ ಇರಲಿಲ್ಲ.

ಮೇಲ್ವಿಚಾರಕಿ ದಡದಡನೆ ಬಂದರು. ಹಿಂದೆ ಮಗಳು, ಮುಖ ಬಿಳಿಚಿಕೊಂಡಿತ್ತು, ಆದರೆ ತಲೆ ತಗ್ಗಿಸಿರಲಿಲ್ಲ. ಬಹಳ ದಿನಗಳ ಮೇಲೆ ಅವಳು ನನ್ನನ್ನು ನೇರವಾಗಿ ನೋಡಿದಳು. ಮೇಲ್ವಿಚಾರಕಿಗೆ ಸಿಟ್ಟು ಬಂದಿತ್ತು. ಕಂಪನಿಯ ಮೇಲೆ ಬಂದ ಸಿಟ್ಟು, ಮಗಳ ಮೇಲೂ ಬಂದ ಸಿಟ್ಟು, ದಾರಿಯಲ್ಲಿ ಯಾರು ಸಿಕ್ಕಿದರೆ ಅವರ ಮೇಲೆ ಬೀಳುವಂತಿತ್ತು.

"ಏನಮ್ಮ ನೀನು?" ಎಂದರು ಚಿಕ್ಕ ಸಿಸ್ಟರ್‌ಗೆ. "ನಾಳೆಯಿಂದ ವಾರ್ಡಿಗೆ ಬಾ. ಅದಿರಲಿ, ನಿದ್ದೆ ಮಾಡಿರಲಿಲ್ಲ ಅಂದ್ಮೇಲೆ ಒಪ್ಕೊಂಡಿದ್ದಾದ್ರೂ ಯಾಕೆ? ಬಾಯಲ್ಲಿ ಏನಿಟ್ಕೊಂಡಿದ್ದೆ ಆವತ್ತು?"

ಅವಳು ಮಡಿಸಿದ ಬಟ್ಟೆಯನ್ನು ಎದೆಗೆ ಒತ್ತಿಕೊಂಡಳು.

"ಕ್ಷಮಿಸಿ ಮೇಡಂ," ಎಂದಳು. "ಇನ್ಮೇಲೆ ಹಾಗೆ ಮಾಡಲ್ಲ."

"ಅವಳು ಒಪ್ಕೊಳ್ಳಲಿಲ್ಲ," ಎಂದೆ. ನನ್ನ ಗಂಟಲಿನಿಂದ ದನಿ ಸರಿಯಾಗಿ ಹೊರಡಲಿಲ್ಲ, ಎರಡನೇ ಸಲ ಹೇಳಬೇಕಾಯಿತು. "ಅವಳು ಒಪ್ಕೊಳ್ಳಲಿಲ್ಲ. ನಾನು ಒಪ್ಪಿಸಿದೆ. ಹಾಸಿಗೆ ಒದ್ದೆ ಮಾಡ್ಕೊಂಡಿದ್ದೆ, ನನಗೆ ನಾಚಿಕೆಯಾಗಿತ್ತು. ಅದನ್ನ ತಗೊಂಡು ಇವಳ ತಲೆಗೆ ಕಟ್ಟಿದೆ. ಇವಳು ನಿದ್ದೆ ಮಾಡಿರಲಿಲ್ಲ ಅಂತ ನನಗೆ ಗೊತ್ತಾಗಿ ಎಷ್ಟೋ ದಿನ ಆಯ್ತು. ಈಗ ಮೇಲೆ ನೀವು ಕೇಳಿದಾಗಲೂ ನಾನು ಹೇಳಲಿಲ್ಲ."

ಒಗೆಯುವ ಯಂತ್ರವೊಂದು ಪಕ್ಕದ ಕೋಣೆಯಲ್ಲಿ ತಿರುಗುತ್ತಿತ್ತು. ಅಷ್ಟು ಹೊತ್ತು ನಿಂತು ಅಭ್ಯಾಸವಿಲ್ಲದೆ ನನ್ನ ಕಾಲು ನಡುಗತೊಡಗಿತು, ವಾಕರ್ ಕಟಕಟ ಎಂದಿತು. ಚಿಕ್ಕ ಸಿಸ್ಟರ್ ಓಡಿಹೋಗಿ ಕುರ್ಚಿಯ ಮೇಲಿನ ಬಟ್ಟೆಯನ್ನೆಲ್ಲ ಎತ್ತಿ ಮೇಜಿನ ಮೇಲೆ ಹಾಕಿದಳು. ಕುರ್ಚಿಯನ್ನು ಎಳೆದು ತಂದು, ನನ್ನ ಕಂಕುಳಿಗೆ ಕೈಕೊಟ್ಟು, "ನಿಧಾನ ಮೇಡಂ, ನಿಧಾನ" ಎನ್ನುತ್ತ ಕೂರಿಸಿದಳು.

"ನೀನೂ ಕೂತ್ಕೋಮ್ಮ," ಎಂದೆ.

"ಬೇಡ ಮೇಡಂ," ಎಂದು ಅವಳು ಗೋಡೆಯ ಪಕ್ಕದಲ್ಲಿ ನೆಟ್ಟಗೆ ನಿಂತುಕೊಂಡಳು.